ಹಿಂದೆ ಬರುವವನು

"ಎರಡಿದೆ," ಎಂದಳು ವಿಮಾನ ನಿಲ್ದಾಣದ ಸುಂಕದವಳು. ಬ್ಯಾಗಿನಿಂದ ಸಿಗರೇಟಿನ ಇನ್ನೊಂದು ಕಾರ್ಟನ್ ಎತ್ತಿ ಮೊದಲನೆಯದರ ಪಕ್ಕಕ್ಕಿಟ್ಟಳು. "ಒಬ್ಬರಿಗೆ ಒಂದೇ. ಗೋಡೆ ಮೇಲೆ ಹಾಕಿದೀವಿ, ನೋಡಿ."

ಹಾಕಿದ್ದರು. ಓದು ಬಾರದ ನನ್ನಂಥವರಿಗೂ ಸಬೂಬು ಸಿಗಬಾರದು ಅಂತ ಚಿತ್ರವನ್ನೂ ಬಿಡಿಸಿದ್ದಾರೆ ಎಂದುಕೊಂಡ ಚಿಕ್ಕ. ಒಬ್ಬ ಮನುಷ್ಯ, ಅವನ ಪಕ್ಕದಲ್ಲಿ ಒಂದು ಬಾಟಲಿ, ಒಂದು ಕಾರ್ಟನ್. ಬಾಟಲಿಗೆ ಮುಚ್ಚಳ ಬಿಡಿಸಿದ್ದರು, ಕಾರ್ಟನ್‌ಗೆ ಗೆರೆ ಎಳೆದಿದ್ದರು. ಮನುಷ್ಯನಿಗೆ ಮಾತ್ರ ಮುಖವಿರಲಿಲ್ಲ.

ಚಿಕ್ಕ ಎನ್ನುವುದು ಅವನ ಹೆಸರಲ್ಲ. ಮನೆಯಲ್ಲಿ ದೊಡ್ಡ ಒಬ್ಬನಿದ್ದ, ಆದ್ದರಿಂದ ಇವನು ಚಿಕ್ಕನಾದ. ಇಬ್ಬರೂ ಆರು ವರ್ಷದಿಂದ ಈ ಪರದೇಶದಲ್ಲಿ ಕಂಡವರ ಬಚ್ಚಲಿಗೂ ಅಡುಗೆಮನೆಗೂ ಟೈಲ್ಸ್ ಹಾಕುತ್ತಿದ್ದರು. ಅಷ್ಟರಲ್ಲಿ ಇಲ್ಲಿನ ಭಾಷೆಯೂ ಕೆಲಸಕ್ಕೆ ಬೇಕಾದಷ್ಟು ನಾಲಿಗೆಗೆ ಹತ್ತಿತ್ತು.

ಚಿಕ್ಕ ಸಿಗರೇಟು ಸೇದುವವನಲ್ಲ. ಮೇಜಿನ ಮೇಲಿನ ಕಾರ್ಟನ್‌ಗಳನ್ನು ಅವನೂ ಈಗಲೇ ಮೊದಲ ಸಲ ನೋಡುವವನಂತೆ ನೋಡಿದ. ವಿಮಾನ ಹತ್ತುವ ಮೊದಲು, ಸುಂಕವಿಲ್ಲದ ಅಂಗಡಿಯಲ್ಲಿ ಕೈ ತನ್ನ ಪಾಡಿಗೆ ತಾನು ಹೋಗಿ, ದೊಡ್ಡ ಸೇದುವ ಜಾತಿಯದೇ ಎರಡನ್ನು ಎತ್ತಿಕೊಂಡಿತ್ತು. ಪ್ರತಿ ಸಲವೂ ಎರಡು. ಒಂದು ದೊಡ್ಡನ ಪಾಲು, ಇನ್ನೊಂದು ಚಿಕ್ಕನ ಪಾಲು. ಎರಡನ್ನೂ ಸೇದುತ್ತಿದ್ದವನು ದೊಡ್ಡನೇ.

"ಸೇದದೇ ಇರೋ ತಮ್ಮನ್ನ ಹೆತ್ತು ಕೊಟ್ಟಿದ್ದಾಳಲ್ಲೋ ಅಮ್ಮ, ಅದೊಂದು ಉಪಕಾರ ಮಾತ್ರ ಯಾವತ್ತೂ ಮರೆಯಲ್ಲ," ಎಂದು ನಗುತ್ತಿದ್ದ.

"ಯಾರ ಜೊತೆ ಬಂದಿದೀರಿ?" ಸುಂಕದವಳು ಕೇಳಿದಳು.

"ಅಣ್ಣ ಹಿಂದೆ ಬರ್ತಿದಾನೆ."

ಇದನ್ನೂ ಬಾಯಿ ತನ್ನ ಪಾಡಿಗೆ ತಾನು ಹೇಳಿತು. ಮೊದಲ ಸಲ ಬಂದಾಗ ದೊಡ್ಡನೇ ಉರು ಹೊಡೆಸಿದ ಮಾತು. ವಿಮಾನ ಇಳಿದ ಕೂಡಲೇ ಅವನಿಗೆ ಸಿಗರೇಟಿನ ಕೋಣೆ ಹುಡುಕುವ ಗಡಿಬಿಡಿ. ಬ್ಯಾಗನ್ನು ತಮ್ಮನ ಹೆಗಲಿಗೆ ಹಾಕಿ ಮುಂದೆ ಕಳಿಸುತ್ತಿದ್ದ. "ಕೇಳಿದ್ರೆ ಅಣ್ಣ ಹಿಂದೆ ಬರ್ತಿದಾನೆ ಅನ್ನು, ಅಷ್ಟೇ. ಜಾಸ್ತಿ ಬಾಯಿ ಬಿಡ್ಬೇಡ. ಸುಳ್ಳೂ ಅಲ್ವಲ್ಲ, ನಾನು ಬರ್ತಾನೇ ಇರ್ತೀನಿ."

ಸುಂಕದವಳು ಸಿಡುಕಲಿಲ್ಲ. ಸಿಡುಕಿದ್ದರೆ ಒಳ್ಳೆಯದಾಗುತ್ತಿತ್ತು. "ಹಾಗಾದ್ರೆ ಅವರು ಬರೋವರೆಗೂ ಅಲ್ಲಿ ಕೂತಿರಿ. ಬಂದ್ಮೇಲೆ ಇಬ್ಬರೂ ಒಟ್ಟಿಗೇ ಹೋಗಬಹುದು," ಎಂದು ಅವನ ಪಾಸ್‌ಪೋರ್ಟನ್ನು ಕಾರ್ಟನ್‌ಗಳ ಮೇಲಿಟ್ಟು ಮುಂದಿನವರನ್ನು ಕರೆದಳು.

ಚಿಕ್ಕ ಹೋಗಿ ಬೆಂಚಿನ ಮೇಲೆ ಕೂತ.

ಒಳಗಿನಿಂದ ಜನ ಬರುತ್ತಲೇ ಇದ್ದರು. ನಿದ್ದೆಗೆಟ್ಟ ಮಕ್ಕಳನ್ನು ಎತ್ತಿಕೊಂಡವರು, ಗಾಲಿಯ ಪೆಟ್ಟಿಗೆಗಳನ್ನು ದರದರ ಎಳೆಯುವವರು, ಫೋನಿನಲ್ಲಿ ಯಾರಿಗೋ ಬಯ್ಯುತ್ತಾ ಹೋಗುವವರು. ಚಿಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾಕೆ ನೋಡುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಳ್ಳಲಿಲ್ಲ. ಕಾಯಲು ಕೂರಿಸಿದ್ದಾರೆ, ಕಾಯುತ್ತಿದ್ದೇನೆ. ಒಬ್ಬ ಅಗಲ ಹೆಗಲಿನವನು ತಲೆ ಬಗ್ಗಿಸಿಕೊಂಡು, ಜೇಬು ತಡಕುತ್ತಾ ಬಂದಾಗ ಮಾತ್ರ ಬೆಂಚಿನಿಂದ ಅರ್ಧ ಎದ್ದ. ಮತ್ತೆ ಕೂತ.

ಹೋದ ತಿಂಗಳು ಒಂದು ಬೆಳಗ್ಗೆ ದೊಡ್ಡ ಏಳಲಿಲ್ಲ. ಮೇಲಿನ ಮಂಚ ಅವನದು, ಕೆಳಗಿನದು ಇವನದು. "ಏಳೋ ಸೋಮಾರಿ, ವ್ಯಾನ್ ಬಂತು," ಎಂದು ಚಿಕ್ಕ ಮಂಚದ ಕಾಲಿಗೆ ಒದ್ದ. ಎರಡು ಸಲ ಒದ್ದ. ಆಮೇಲೆ ಯಾರ್ಯಾರೋ ಬಂದರು, ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದ. ಊರಿಗೆ ಹೋಗುವಾಗ ಅಣ್ಣನಿದ್ದ ಪೆಟ್ಟಿಗೆ ವಿಮಾನದ ಹೊಟ್ಟೆಯಲ್ಲಿ, ಇವನು ಮೇಲೆ. ಊರಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಇದಕ್ಕೆ ಸುಂಕ ಬರುವುದಿಲ್ಲ ಎಂದು ಮುದ್ರೆ ಒತ್ತಿದ್ದ. ದೊಡ್ಡ ಜೀವಮಾನದಲ್ಲಿ ಸರ್ಕಾರದಿಂದ ಬಿಟ್ಟಿ ಪಡೆದದ್ದು ಅದೊಂದೇ. ಅದನ್ನು ನೆನೆದರೆ ಎದುರಿಗಿರುವುದನ್ನೆಲ್ಲ ಒದ್ದು ಬೀಳಿಸುವಷ್ಟು ಸಿಟ್ಟು ಬರಬೇಕಿತ್ತು. ಮೊದಲಾದರೆ ಬರುತ್ತಿತ್ತು ಕೂಡ. ಮೇಸ್ತ್ರಿಯ ಕೊರಳಪಟ್ಟಿ ಹಿಡಿದ ಹುಡುಗ ಇವನು. ಈಗ ಬರಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದ ಹಾಗೆ, ಚಿವುಟಿದ್ದು ಗೊತ್ತಾಗುತ್ತಿತ್ತು, ಅಷ್ಟೇ.

ಹಿಮ್ಮಡಿಯಿಂದ ನೆಲ ತಟ್ಟಿದ. ಗಟ್ಟಿ. ಪಕ್ಕದ ಟೈಲ್ ತಟ್ಟಿದ. ಟೊಳ್ಳು, ಕೆಳಗೆ ಸಿಮೆಂಟು ಕೂತಿಲ್ಲ. ಇಂಥದ್ದು ಕಿವಿಗೆ ಬಿದ್ದರೆ ದೊಡ್ಡ ಕರಣೆಯ ಹಿಡಿಯಿಂದ ಇನ್ನೊಮ್ಮೆ ತಟ್ಟಿ, "ಕೀಳು," ಎನ್ನುತ್ತಿದ್ದ. ಚಿಕ್ಕ ಅದನ್ನೇ ತಟ್ಟುತ್ತಾ ಕೂತ.

ಫೋನು ಅದುರಿತು. ವ್ಯಾನಿನ ಮಾವ. ಚಾಲಕನನ್ನು ಕಾರ್ಮಿಕರ ಕ್ಯಾಂಪಿನವರೆಲ್ಲ ಕರೆಯುವುದೇ ಹಾಗೆ.

"ಏನೋ ಚಿಕ್ಕ, ಒಳಗೇನು ಹೆರಿಗೆ ಆಗ್ತಿದ್ಯಾ? ಇಲ್ಲಿ ವ್ಯಾನಲ್ಲಿ ಜನ ಬೆಂದು ಹೋಗ್ತಿದಾರೆ."

"ಅಣ್ಣನಿಗೆ ಕಾಯ್ತಿದೀನಿ ಮಾವ."

ಆ ಕಡೆ ಮಾವ ಇಂಜಿನ್ ಆರಿಸಿದ.

"ಯಾರಿಗೆ?"

"ಸುಂಕದೋರು ಕೂರಿಸಿದಾರೆ. ಎರಡು ಕಾರ್ಟನ್ ತಂದ್ಬಿಟ್ಟೆ. ಅಣ್ಣ ಬಂದ್ಮೇಲೆ ಹೋಗು ಅಂದ್ರು."

"ಲೋ..." ಮಾವನ ದನಿ ತಗ್ಗಿತು. "ಲೋ ಮಗನೇ, ವಿಷಯ ಹೇಳ್ಬಿಟ್ಟು ಎದ್ದು ಬಾರೋ."

"ಏನಂತ ಹೇಳ್ಲಿ?"

ಊರಿನಲ್ಲಿ ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಎಲ್ಲರಿಗೂ ಮೊದಲೇ ಗೊತ್ತಿತ್ತು. ಆ ಮಾತನ್ನು ಚಿಕ್ಕ ತನ್ನ ಬಾಯಿಂದ ಇನ್ನೂ ಯಾರಿಗೂ ಹೇಳಿರಲಿಲ್ಲ.

"ನೋಡು, ಇನ್ನು ಸ್ವಲ್ಪ ಹೊತ್ತು ನಿಲ್ಲಿಸಿರ್ತೀನಿ," ಎಂದ ಮಾವ. "ಸಂಜೆ ಪಾಳಿಗೆ ನೀನಿಲ್ಲ ಅಂದ್ರೆ ಮೇಸ್ತ್ರಿ ನಿನ್ನ ಜಾಗಕ್ಕೂ ಬೇರೆಯವನ್ನ ಹಾಕ್ತಾನೆ. ದೊಡ್ಡನ ಜಾಗಕ್ಕೆ ಹಾಕಿ ಆಯ್ತು."

ಕೊನೆಗೆ ಗಾಲಿಕುರ್ಚಿಯ ಮುದುಕಿ ಬಂದಳು, ಅವಳ ಹಿಂದೆ ವಿಮಾನದ ಸಿಬ್ಬಂದಿ ಬಂದರು. ಅವರ ಹಿಂದೆ ಯಾರೂ ಬರಲಿಲ್ಲ. ನೆಲ ಒರೆಸುವವನು ಬಾಗಿಲಿನ ತನಕ ಒರೆಸಿಕೊಂಡು ಹೋದ. ಸುಂಕದವಳು ಕೈಬೀಸಿ ಕರೆದಳು.

"ಎಲ್ಲಿ ನಿಮ್ಮಣ್ಣ?"

ಚಿಕ್ಕ ಮೇಜಿನ ಮುಂದೆ ನಿಂತ. ಇಲ್ಲಿನ ಭಾಷೆಯಲ್ಲಿ ಅವನಿಗೆ ಬೇಗ, ನಾಳೆ, ಇನ್ನೂ ಒಂದು, ಸರಿ ಮಾಡು, ಮುಗಿಯಿತು ಎಲ್ಲ ಗೊತ್ತಿತ್ತು. ಸಾಯುವುದಕ್ಕೆ ಏನೆನ್ನುತ್ತಾರೋ ಗೊತ್ತಿರಲಿಲ್ಲ. ಕೆಲಸದ ಜಾಗದಲ್ಲಿ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ.

"ಅಣ್ಣ..." ಎಂದ. "ಅಣ್ಣ ಮುಗೀತು."

"ಕೆಲಸ ಮುಗೀತಾ? ಊರಿಗೆ ಹೋದ್ರಾ?"

ಚಿಕ್ಕ ಅವಳ ಮುಖ ನೋಡಿದ. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

"ಹೂಂ. ಊರಿಗೆ ಹೋದ. ನಾನೇ ಬಿಟ್ಟು ಬಂದೆ."

"ಪುಣ್ಯವಂತರು," ಎಂದು ಸುಂಕದವಳು ಮೊದಲ ಸಲ ನಕ್ಕಳು. ಮನಸ್ಸಿನಿಂದಲೇ ನಕ್ಕಳು. "ಇಲ್ಲಿ ನಿಂತು ನಿಂತು ನನ್ನ ಮೊಣಕಾಲು ಹೋಯ್ತು. ನನಗ್ಯಾವಾಗ ಬಿಡುಗಡೆಯೋ. ಮತ್ತೆ ಹಿಂದೆ ಬರ್ತಿದಾನೆ ಅಂದ್ರಲ್ಲ?"

"ಯಾವಾಗ್ಲೂ ಬರ್ತಿದ್ದ."

ಅವಳು ತಲೆಯಾಡಿಸಿದಳು. ದಂಡದ ಮಾತು ಎತ್ತಲಿಲ್ಲ. "ಇರಲಿ. ಹೆಚ್ಚಿನದಕ್ಕೆ ಸುಂಕ ಕಟ್ತೀರೋ, ಇಲ್ಲಾ ಬಿಟ್ಟು ಹೋಗ್ತೀರೋ?"

"ಬಿಟ್ಟು ಹೋಗ್ತೀನಿ."

ಅವಳು ಹತ್ತಿರದಲ್ಲಿದ್ದ ಕಾರ್ಟನ್‌ಗೆ ಕೈ ಹಾಕಿದಳು.

"ಅದಲ್ಲ," ಎಂದ ಚಿಕ್ಕ. ಇಷ್ಟು ಹೊತ್ತಿನಲ್ಲಿ ಅವನ ದನಿ ಮೊದಲ ಸಲ ಏರಿತು. "ಅದು ಅಣ್ಣಂದು. ಈ ಕಡೆದು ನಂದು. ನಂದನ್ನ ತಗೊಳ್ಳಿ."

ಸುಂಕದವಳು ಎರಡನ್ನೂ ನೋಡಿದಳು. ಒಂದೇ ಬಣ್ಣ, ಒಂದೇ ಅಳತೆ, ಒಂದೇ ಬೆಲೆಯ ಚೀಟಿ. ಅವನು ತೋರಿಸಿದ್ದನ್ನೇ ಎತ್ತಿ ಮೇಜಿನ ಕೆಳಗಿನ ಡಬ್ಬಕ್ಕೆ ಹಾಕಿದಳು. ಆಮೇಲೆ ಪಾಸ್‌ಪೋರ್ಟು ಕೊಟ್ಟಳು.

ಚಿಕ್ಕ ಉಳಿದ ಕಾರ್ಟನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಗಾಜಿನ ಬಾಗಿಲು ತಾನಾಗಿಯೇ ಸರಿಯಿತು. ಕಂಬಿಯ ಆಚೆ ಮಾವ ಬೀಗದ ಕೈ ತಿರುಗಿಸುತ್ತಾ ನಿಂತಿದ್ದ. ಇವನನ್ನು ಕಂಡವನೇ ಕೈ ಎತ್ತಿದ. ಕಣ್ಣು ಮಾತ್ರ ಹಳೆಯ ಅಭ್ಯಾಸದಲ್ಲಿ ಇವನ ಹೆಗಲು ದಾಟಿ ಹಿಂದಕ್ಕೆ ಹೋಯಿತು.

ಬಾಗಿಲು ಇನ್ನೂ ತೆರೆದೇ ಇತ್ತು. ಮತ್ತೊಬ್ಬ ದಾಟುವಷ್ಟು ಹೊತ್ತು ಹಾಗೇ ಇದ್ದು, ಆಮೇಲೆ ಮುಚ್ಚಿಕೊಂಡಿತು.