ವ್ಯಾಕರಣಕ್ಕೊಂದು ಹಿಮ್ಮೇಳ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೋರಟಗಿ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ಅದು ಗೊತ್ತಿಲ್ಲದವರಿಲ್ಲ. ಮೆಹರುನ್ನಿಸಾ ಅಕ್ಕೋರು, ಅಂದರೆ ಟೀಚರಾದ ನಾನು, ಇಂಗ್ಲಿಷ್ ವ್ಯಾಕರಣ ತೆಗೆದೆನೆಂದರೆ ಹತ್ತನೆಯ ವರ್ಗ ಗಪ್‌ಚುಪ್. ಏನಾದರೂ ಕೇಳಿರೋ ಎಂದರೆ ಎಲ್ಲರೂ ನೆಲ ನೋಡುವವರೇ.

ಕೇಳಲು ಇಲ್ಲವೆಂದಲ್ಲ. ಕಾಮಾ ಎಲ್ಲಿ ಹಾಕಬೇಕು, ಎಸ್ ಪಕ್ಕ ಮೇಲೆ ಆ ಅಪಾಸ್ಟ್ರಫಿ ಎಂಬ ಕೊಕ್ಕೆ ಯಾಕೆ, ಒಬ್ಬ ಹೋದರೆ ಕ್ರಿಯಾಪದಕ್ಕೆ ಎಸ್ ಹಚ್ಚಿ ಹತ್ತು ಮಂದಿ ಹೋದರೆ ಯಾಕೆ ಕೀಳಬೇಕು, ಇವೆಲ್ಲ ಪಡಸಾಲೆಯಲ್ಲಿ ಧಾರಾಳವಾಗಿ ಕೇಳಿಬರುತ್ತಿದ್ದವು. ವರ್ಗದೊಳಗೆ ಬಂದರೆ ಬಾಯಿಗೆ ಬೀಗ.

ಎಲ್ಲಕ್ಕಿಂತ ಗಟ್ಟಿ ಬೀಗ ರೇಣುಕಾಳದು. ಬರೆಯಲು ಕೊಟ್ಟರೆ ಒಂದು ತಪ್ಪಿಲ್ಲ, ಎಬ್ಬಿಸಿ ನಿಲ್ಲಿಸಿದರೆ ಒಂದು ಮಾತಿಲ್ಲ. ಎಂಟನೆಯ ವರ್ಗದಲ್ಲಿ ಅವಳ ಉತ್ತರ ತಪ್ಪಿ ಎಲ್ಲರೂ ನಕ್ಕಿದ್ದರು. ಅಂದಿನಿಂದ ಇಂಗ್ಲಿಷಿನಲ್ಲಿ ಬಾಯಿಯೇ ತೆರೆದಿರಲಿಲ್ಲ. ಮುಂದೆ ಟೀಚರ್ ಆಗುವ ಆಸೆ ಬೇರೆ. ಬಾಯಿ ಬಿಡದ ಟೀಚರ್ ಯಾವ ಊರಲ್ಲಿದ್ದಾಳೆ ಹೇಳಿ.

ಅವಳ ಅಜ್ಜಿ ಯಲ್ಲವ್ವ ನಾಗೇಸಿ ಹಾಡುವವಳು. ನಮ್ಮ ಸಿಂದಗಿ, ಇಂಡಿ ಕಡೆ ಹರದೇಸಿ, ನಾಗೇಸಿ ಎಂದು ಎರಡು ಮೇಳಗಳು ಎದುರುಬದುರು ನಿಲ್ಲುತ್ತವೆ. ಒಬ್ಬರು ಹಾಡಿನಲ್ಲೇ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಒಮ್ಮೆ ಕೇಳಲು ಹೋಗಿದ್ದೆ. ಯಲ್ಲವ್ವನ ಮೇಲೆ ಸವಾಲು ಬಿದ್ದದ್ದೇ ತಡ, ಹಿಂದೆ ನಿಂತ ಹಿಮ್ಮೇಳದವರು ಆ ಸವಾಲನ್ನೇ ಎತ್ತಿಕೊಂಡು ಮತ್ತೆ ಮತ್ತೆ ಹಾಡಿದರು. ಅಷ್ಟರಲ್ಲಿ ಮುದುಕಿ ಉಸಿರು ತೆಗೆದುಕೊಂಡು ಜವಾಬು ಹೊಸೆದುಬಿಟ್ಟಳು. ಆಯುಷ್ಯವೆಲ್ಲ ಹಾಡಿದವಳಿಗೂ ಅಷ್ಟು ಹೊತ್ತು ಬೇಕು ಎಂಬುದು ನನ್ನ ತಲೆಯಲ್ಲಿ ಕೂತಿತು.

ಮರುದಿನವೇ ವರ್ಗವನ್ನು ಎರಡು ಮೇಳ ಮಾಡಿದೆ. ಒಂದು ಬದಿಯವರು ವ್ಯಾಕರಣದ ಸವಾಲು ಹಾಕುವುದು, ಇನ್ನೊಂದು ಬದಿ ಅದನ್ನೇ ಹಿಮ್ಮೇಳ ಹಿಡಿದು ಆಮೇಲೆ ಜವಾಬು ಕೊಡುವುದು. ಅದೇ ವರ್ಗದ ತಬ್ರೇಜನಿಗೆ ಡೆಸ್ಕೇ ಬಾರಿಸುವ ದಪ್ಪು ವಾದ್ಯವಾಯಿತು. ಪಡಸಾಲೆಯ ಪ್ರಶ್ನೆಗಳೆಲ್ಲ ಒಳಗೆ ಬಂದವು. ಹೆಡ್‌ಮಾಸ್ತರ ರೇವಣಪ್ಪನವರು ಬಾಗಿಲಲ್ಲಿ ನಿಂತು, ಇದು ಸಾಲಿಯೋ ಹಾಡಿಕೆಯೋ ಎಂದು ಕೇಳಿದರು. ಬಸವನ ಬಾಗೇವಾಡಿಯಲ್ಲಿ ಶಾಲೆಗಳ ಇಂಗ್ಲಿಷ್ ವ್ಯಾಕರಣ ಸ್ಪರ್ಧೆ ಇದೆ, ಅದು ಮುಗಿಯಲಿ, ಆಮೇಲೆ ಹೇಳಿರಿ ಎಂದೆ.

ಹಿಮ್ಮೇಳದಲ್ಲಿ ರೇಣುಕಾಳ ದನಿ ಹೊರಟಿತ್ತು. ಒಬ್ಬಳೇ ನಿಂತರೆ ಮಾತ್ರ ಇನ್ನೂ ಇಲ್ಲ. ಆದರೂ ಸ್ಪರ್ಧೆಗೆ ತಬ್ರೇಜನ ಜೊತೆ ಅವಳ ಹೆಸರನ್ನೇ ಕೊಟ್ಟೆ. ಅಲ್ಲಿ ಬಾಯಿ ಬಿಡದಿದ್ದರೆ ಇನ್ನೆಂದೂ ಬಿಡಲಾರಳು ಎಂಬ ಹೆದರಿಕೆ ನನ್ನನ್ನು ತಿನ್ನುತ್ತಿತ್ತು.

ಸ್ಪರ್ಧೆಗೆ ನಾಲ್ಕು ತಾಲ್ಲೂಕುಗಳ ಶಾಲೆಗಳು ಬಂದಿದ್ದವು. ಕೊನೆಯ ಸುತ್ತಿಗೆ ಉಳಿದದ್ದು ನಾವು ಮತ್ತು ಮುದ್ದೇಬಿಹಾಳದ ಒಂದು ಶಾಲೆ. ಅಲ್ಲಿಯವರೆಗಿನ ಜವಾಬೆಲ್ಲ ತಬ್ರೇಜನದು. ಈ ಸುತ್ತಿನಲ್ಲಿ ಮಾತ್ರ ಅದುವರೆಗೆ ಮಾತಾಡದವರೇ ಹೇಳಬೇಕೆಂಬ ನಿಯಮ.

ತಾಸು ಎನ್ನುವ 'ಅವರ್' ಪದ ಎಚ್‌ನಿಂದ ಶುರುವಾಗುತ್ತದೆ, ಆದರೂ ಅದಕ್ಕೆ ಮುಂಚೆ 'ಎ' ಬಿಟ್ಟು 'ಆ್ಯನ್' ಯಾಕೆ ಎಂದು ತೀರ್ಪುಗಾರರು ಕೇಳಿದರು. ರೇಣುಕಾ ಎದ್ದಳು. ಬಾಯಿ ತೆರೆದಳು, ದನಿ ಬರಲಿಲ್ಲ. ಆ ಹಾಳು ಗಡಿಯಾರ ಓಡುತ್ತಲೇ ಇತ್ತು. ನನಗೆ ಅಳುವೇ ಬಂತು.

ಅಷ್ಟರಲ್ಲಿ ತಬ್ರೇಜ ಟೇಬಲ್ ಬಾರಿಸಿ ಆ ಪ್ರಶ್ನೆಯನ್ನೇ ನಾಗೇಸಿ ಧಾಟಿಯಲ್ಲಿ ಎತ್ತಿದ. ನೋಡಲು ಬಂದು ಹಿಂದೆ ಕುಳಿತಿದ್ದ ನಮ್ಮ ವರ್ಗದ ಮಕ್ಕಳು ಹಿಮ್ಮೇಳ ಹಿಡಿದರು. ರೇಣುಕಾಳ ಕಾಲು ತಾಳ ಹಾಕತೊಡಗಿತು. ಆಮೇಲೆ ತಲೆ ಎತ್ತಿ, ಅಕ್ಷರ ನೋಡಬಾರದು, ದನಿ ಕೇಳಬೇಕು, ಅಲ್ಲಿ ಎಚ್ ಬಾಯಿ ಮುಚ್ಚಿಕೊಂಡಿರುತ್ತದೆ ಎಂದು ಇಂಗ್ಲಿಷಿನಲ್ಲೇ ಹೇಳಿದಳು.

ಇದು ಹೇಳಿಕೊಟ್ಟ ಹಾಗಾಯಿತು ಎಂದರು ತೀರ್ಪುಗಾರರು. ನನ್ನ ಸಿಟ್ಟು ಜನ್ಮದಲ್ಲಿ ಒಮ್ಮೆ ಉಪಯೋಗಕ್ಕೆ ಬಂತು. ಎದ್ದು ನಿಂತೆ.

"ಹುಡುಗ ಹಾಡಿದ್ದು ನಿಮ್ಮ ಪ್ರಶ್ನೇರಿ. ಜವಾಬಿನ ಒಂದು ಅಕ್ಷರ ಅದರಾಗ ಇದ್ರ ತೋರಿಸ್ರಿ."

ತೀರ್ಪುಗಾರರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಅಂಕ ಕೊಟ್ಟರು. ಮುದ್ದೇಬಿಹಾಳದ ಹುಡುಗಿಯೂ ತನ್ನ ಪ್ರಶ್ನೆಗೆ ಸರಿಯಾಗಿ ಹೇಳಿದಳು. ಅಂಕ ಸಮ. ಬಹಳ ಹುಡುಗಿಯರಿಗೆ ಸೇರಿದ ಶಾಲೆ ಎಂದು ಬರೆಯಲು ಕೊಕ್ಕೆ ಎಲ್ಲಿ ಹಾಕಬೇಕು ಎಂದು ಕೊನೆಯದಾಗಿ ಕೇಳಿದಾಗ ಆಕೆ ತಪ್ಪಿದಳು. ಪ್ರಶ್ನೆ ನಮ್ಮ ಕಡೆ ಬಂತು.

ತಬ್ರೇಜ ಬಾರಿಸಲು ಕೈ ಎತ್ತಿದ. ರೇಣುಕಾ ಅಂಗೈ ತೋರಿಸಿ ತಡೆದಳು.

"ಸುಮ್ನಿರೊ. ನಾನ ಹೇಳ್ತೇನಿ."

ಎಸ್ ಆದ ಮೇಲೆ ಕೊಕ್ಕೆ, ಯಾಕೆಂದರೆ ಹುಡುಗಿಯರು ಬಹಳ ಮಂದಿ ಎಂದು ಸಭೆಯ ಕೊನೆಯವರೆಗೂ ಕೇಳುವಂತೆ ಹೇಳಿದಳು. ಗೆದ್ದೆವು. ತಿರುಗಿ ನೋಡಿದರೆ ನಮ್ಮ ಜೊತೆ ಬಂದಿದ್ದ ರೇವಣಪ್ಪನವರು ತೊಡೆ ಮೇಲೆ ತಾಳ ಹಾಕುತ್ತಿದ್ದರು. ನನಗೆ ಹಿಗ್ಗು ತಡೆಯಲಾಗಲಿಲ್ಲ.

ಸಿಂದಗಿ ಬಸ್ಸಿನಲ್ಲಿ ರೇಣುಕಾ ಕಾಮಾದಿಂದ ಹಿಡಿದು ಫುಲ್‌ಸ್ಟಾಪಿನವರೆಗೆ ಕೇಳುತ್ತಲೇ ಬಂದಳು. ಜವಾಬು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ಕೊನೆಗೆ ನನ್ನತ್ತ ಬಾಗಿ, "ಅಕ್ಕೋರ, ನಾಳಿ ವರ್ಗದಾಗ ಸವಾಲ ನಾನ ಹಾಕ್ತೇನಿ. ನೀವು ಹಿಮ್ಮೇಳ ಹಿಡೀರಿ" ಎಂದಳು.

"ಹಿಡೀತೇನಿ ತಗೋ" ಎಂದೆ.