ತೊಳೆಯದ ನೆಲನೆಲ್ಲಿ

ಹರಿಹರದ ಭೀಮವ್ವ ಕಾಮಾಲೆಗೆ ಕೊಡುವ ಔಷಧಿಗೆ ಎರಡು ಕಟ್ಟುಪಾಡು. ನೆಲನೆಲ್ಲಿ ಕೀಳಲು ಹೋದವರು ಅದನ್ನು ಮನೆಗೆ ತಲುಪಿಸುವವರೆಗೆ ಮಾತಾಡಬಾರದು. ಕಿತ್ತ ಗಿಡವನ್ನು ತೊಳೆಯಬಾರದು, ಗುಣ ಹೋಗುತ್ತದೆ. ಅವಳಿಗೆ ಮಂಡಿನೋವು ಬಂದ ಮೇಲೆ ಗಿಡ ತರುವುದು ಮಗ ಪರಶುರಾಮನ ಕೆಲಸ.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಮಾಲತೇಶನಿಗೆ ಭೀಮವ್ವ ಸೋದರತ್ತೆ. ಕಣ್ಣು ಹಳದಿಯಾದಾಗ ಅವನು ಆಸ್ಪತ್ರೆಗೆ ಹೋಗದೆ ಅತ್ತೆಯ ಬಳಿ ಬಂದ. ಮೊದಲ ಲೋಟ ಕುಡಿದು ವಾರವಾದರೂ ಹಳದಿ ಇಳಿದಿರಲಿಲ್ಲ, ಅನ್ನ ಸೇರುತ್ತಿರಲಿಲ್ಲ. ಎರಡನೆಯ ಲೋಟಕ್ಕೆ ಹೆಂಡತಿ ಭವ್ಯಾಳೂ ಜೊತೆಗೆ ಬಂದಿದ್ದಳು.

ಹಾಲು ತರಲು ಹೊರಟ ಭವ್ಯಾ ಬಡಾವಣೆಯ ಹಿಂದಿನ ಚರಂಡಿ ದಂಡೆಯಲ್ಲಿ ಪರಶುರಾಮನನ್ನು ಕಂಡಳು. ಎತ್ತಿ ಹಾಕಿದ ಹೂಳಿನ ಮೇಲೆ ನೆಲನೆಲ್ಲಿ ದಟ್ಟವಾಗಿತ್ತು. ಪಕ್ಕದಲ್ಲಿ ಸತ್ತ ಹಂದಿಮರಿ, ಅದರ ತುಂಬ ನೊಣ. ಅವನು ಒಂದು ಹಿಡಿ ಕಿತ್ತು, ಬೇರಿಗೆ ಅಂಟಿದ್ದ ಡೈಪರ್ ಚೂರನ್ನು ಜಾಡಿಸಿ, ಚೀಲಕ್ಕೆ ಹಾಕಿಕೊಂಡ.

“ಭಾವ, ಇಲ್ಲಿಂದನಾ ತರೋದು?”

ಅವನು ತುಟಿಗೆ ಬೆರಳಿಟ್ಟು ಮನೆಯತ್ತ ನಡೆದ. ಭವ್ಯಾ ಹಿಂದೆಯೇ ಹೋದಳು.

ಭೀಮವ್ವ ಗಿಡವನ್ನು ಬೇರುಸಹಿತ ಅರೆಯತೊಡಗಿದಳು. ಕರಿ ರಾಡಿ ಸೊಪ್ಪಿನ ಜೊತೆ ನುರಿಯಿತು.

“ಅತ್ತೆ, ಅದು ಗಟಾರದ್ದು. ತೊಳಕೊಂಡಾದ್ರೂ ಅರೀರಿ.”

“ನಮ್ಮತ್ತಿ ಕಾಲದಿಂದ ತೊಳದಿಲ್ಲ.”

“ಆಗ ಹೊಲದ ಬದುವಿಂದ ತರ್ತಿದ್ರಿ.”

“ಆ ಹೊಲೆಲ್ಲಾ ಸೈಟ್ ಆಗ್ಯಾವೆ,” ಈಗ ಪರಶುರಾಮ ಬಾಯಿ ಬಿಟ್ಟ. “ನಿಮ್ಮನಿ ಕುಂಡದಾಗ ಬೆಳಸಿದ್ರೆ ಹೇಳು, ಅಲ್ಲಿಗೇ ಬರ್ತೀನಿ.”

ಭೀಮವ್ವ ಮುದ್ದೆಯನ್ನು ಮೂಸಿ ಮುಖ ಕಿವುಚಿದಳು. ಆದರೂ ಗಡಿಗೆಯ ಮಜ್ಜಿಗೆಗೆ ಬೆರೆಸಿ ಮಾಲತೇಶನಿಗೆ ಲೋಟ ಹಿಡಿದಳು. “ಮೂಗು ಮುಚ್ಕೊಂಡು ಕುಡಿಯಪ್ಪ.”

ಭವ್ಯಾ ಲೋಟ ಕಸಿದು ಪರಶುರಾಮನ ಮುಂದೆ ಚಾಚಿದಳು. “ಒಂದು ಗುಟುಕು ನೀವ್ ಕುಡೀರಿ, ಭಾವ.”

ಅವನು ಹಿಂದೆ ಸರಿದ. “ನಂಗೇನ್ ಕಾಮಾಲೆ ಆಗೈತಾ?” ಎಂದು ಕೈಯನ್ನು ಲುಂಗಿಗೆ ಉಜ್ಜಿಕೊಂಡ, ಮತ್ತೆ ಉಜ್ಜಿಕೊಂಡ.

ಮಾಲತೇಶ್ ಅದನ್ನು ನೋಡಿದ. ಹೋದ ವಾರ ಕುಡಿದದ್ದು ನೆನಪಾಗಿ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಂಡು ಬಂದಾಗ, ಅವನು ಕುಡಿಯದ ಲೋಟವನ್ನು ಭೀಮವ್ವ ಗಡಿಗೆಗೇ ಸುರಿಯುತ್ತಿದ್ದಳು.

“ಪರ್ಶು, ಹೊರಗೆ ಕೂಸು ಕರ್ಕೊಂಡು ಕೂತಾರಲ್ಲ, ಅವರ್ನ ಕರಿ.”

ಮಾಲತೇಶ್ ಗಡಿಗೆ ಎತ್ತಿ ಅಂಗಳಕ್ಕೆ ಚೆಲ್ಲಿದ. ಕಾದು ಕೂತಿದ್ದವರು ಅವನನ್ನೇ ಬೈದರು.

“ಅಕ್ಕಾ, ಆಸ್ಪತ್ರೆಗೆ ಹೊಂಟೀವಿ. ಆಟೋದಾಗ ಜಾಗ ಐತೆ, ಬರ್ರಿ,” ಎಂದಳು ಭವ್ಯಾ, ಕೂಸಿನ ತಾಯಿಗೆ.

ಆಕೆ ನೆಲದ ಮೇಲಿನ ಹಸಿರು ಗಸಿಯನ್ನು ಬೆರಳಿನಿಂದ ಬಳಿದು ಬಟ್ಟಲಿಗೆ ತುಂಬಿಕೊಳ್ಳುತ್ತಿದ್ದಳು.