ಅವನು ಹೇಳದ ಮಾತು

ಕಾಲುವೆಯ ಈ ದಡದವರಿಗೆ ಚುನಾವಣೆ ಅಂದರೆ ಯಾರದೋ ಮನೆಯ ಮದುವೆ. ಆ ದಡದವರು ನಿಲ್ಲುತ್ತಿದ್ದರು, ಆ ದಡದವರೇ ಗೆಲ್ಲುತ್ತಿದ್ದರು. ಈಚೆಯವರು ಅವತ್ತೂ ಎಂದಿನಂತೆ ಅಂಗಡಿ ತೆರೆದು ಕೂರುತ್ತಿದ್ದರು. ಅಜ್ಜಂದಿರ ಕಾಲಕ್ಕೆ ಗುಡ್ಡ ದಾಟಿ ಬಂದ ಮಂದಿ ಇವರು. ಮನೆಯೊಳಗೆ ಒಂದು ಭಾಷೆ, ಬೀದಿಗಿಳಿದರೆ ಇನ್ನೊಂದು. ಊರು ತಮ್ಮದು ಅಂತ ಅನ್ನಿಸಿದರೂ ಗಟ್ಟಿಯಾಗಿ ಹೇಳಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ.

ಕತ್ತರಿಯಕ್ಕನೂ ಹುಟ್ಟಿದಾಗಿನಿಂದ ಓಟು ಹಾಕಿದವಳಲ್ಲ. ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಅವಳದು. ಎರಡು ಕುರ್ಚಿ, ಗೋಡೆಯುದ್ದದ ಕನ್ನಡಿ, ಮೂಲೆಯಲ್ಲಿ ಸದಾ ಸುಯ್ಯೆನ್ನುವ ಬಿಸಿನೀರಿನ ಡ್ರಮ್ಮು. ಅವಳ ತಂಗಿ ಶಾಲೆಯಲ್ಲಿ ಟೀಚರ್. ಓಟಿನ ಪಟ್ಟಿಗೆ ಹೆಸರು ಸೇರಿಸುವ ಗುಂಪಿನಲ್ಲಿ ಓಡಾಡುತ್ತಿದ್ದ ಅವಳು ಒಂದು ದಿನ ಅರ್ಜಿಗಳ ಕಟ್ಟನ್ನೇ ತಂದು ಬಾಚಣಿಗೆಗಳ ಪಕ್ಕ ಇಟ್ಟಳು.

"ಕುತ್ತಿಗೆಗೆ ಬಟ್ಟೆ ಕಟ್ಟಿಸ್ಕೊಂಡ ಮೇಲೆ ನಿನ್ನ ಗಿರಾಕಿಗಳು ಎಲ್ಲಿಗೆ ಓಡ್ತಾರೆ? ನೀನು ಹೇಳಿದ್ದನ್ನ ಕೇಳ್ಲೇಬೇಕು" ಎಂದಳು.

ಕೇಳುವುದೇನೋ ಕೇಳಿದರು. "ಯಾರು ಬಂದ್ರೂ ನಮ್ಮ ನಲ್ಲೀಲಿ ನೀರು ಬರೋದು ಅಷ್ಟೇ" ಎಂದು ಬಟ್ಟೆ ಕೊಡವಿ ಎದ್ದು ಹೋದರು. ಒಬ್ಬಳಂತೂ ಅರ್ಜಿಯ ಹಿಂಬದಿಯಲ್ಲಿ ಸಾಮಾನಿನ ಚೀಟಿ ಬರೆದುಕೊಂಡು ಹೋದಳು.

ಆಮೇಲೆ ಮೇಯರ್ ಚುನಾವಣೆಗೆ ಆ ದಡದ ಒಬ್ಬ ಗುತ್ತಿಗೆದಾರ ನಿಂತ. ಮೈಕು ಇಲ್ಲದೆಯೂ ಬೀದಿಯ ಕೊನೆಗೆ ಮುಟ್ಟುವ ಸ್ವರ ಅವನದು. ಈ ದಡದವರು ಅವನಿಗೆ 'ಗಂಟಲು' ಅಂತಲೇ ಹೆಸರಿಟ್ಟರು. ಮೊದಲ ಸಭೆಯಲ್ಲೇ ಅವನು, "ಕಾಲುವೆ ಆಚೆ ಇರೋರಿಗೆ ಬಾಯಿ ಜಾಸ್ತಿ ಆಗಿದೆ. ನಾನು ಬಂದ್ರೆ ಅವರ ಅಂಗಡಿ ಲೈಸೆನ್ಸಿಂದಾನೇ ಶುರು ಮಾಡ್ತೀನಿ" ಎಂದ. ಸುದ್ದಿ ಫೋನಿನಿಂದ ಫೋನಿಗೆ ಹಾರಿತು. ಮರುದಿನ ಬೆಳಗ್ಗೆ ಕತ್ತರಿಯಕ್ಕ ಬಾಗಿಲು ತೆಗೆಯುವಷ್ಟರಲ್ಲಿ ಹೊರಗೆ ಹೆಂಗಸರು ನಿಂತಿದ್ದರು. ಕೂದಲು ಕತ್ತರಿಸಿಕೊಳ್ಳುವುದಕ್ಕಲ್ಲ.

"ಆ ಕಾಗದ ಕೊಡು. ಅವನ ಗಂಟಲಿಗೊಂದು ಬಿರಡೆ ಹಾಕೋಣ" ಎಂದಳು ಅವರಲ್ಲಿ ಒಬ್ಬಳು.

ತಂಗಿಗೆ ಹಿಡಿಸಲಾರದಷ್ಟು ಖುಷಿ. "ನಾವು ವರ್ಷಗಟ್ಟಲೆ ಬಾಗಿಲು ಬಡಿದ್ರೂ ಆಗದೇ ಇದ್ದದ್ದನ್ನ ಅವನು ಒಂದೇ ಭಾಷಣದಲ್ಲಿ ಮಾಡಿಬಿಟ್ಟ ಕಣೆ! ವಾರಕ್ಕೊಂದು ಸಲ ಹೀಗೆ ಬಾಯಿ ಬಿಟ್ರೆ ಸಾಕು."

ಅಕ್ಕ ತಂಗಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಲ್ಲಿಂದ ಮುಂದೆ ಕತ್ತರಿಯಕ್ಕ ಅವನ ಭಾಷಣಗಳಿಗೆ ಕಾಯತೊಡಗಿದಳು. ಅಂಗಡಿ ಗುಡಿಸುತ್ತಾ ಫೋನನ್ನು ಕನ್ನಡಿಗೆ ಒರಗಿಸಿ ನೋಡುವಳು. ಅವನು ತಮ್ಮವರನ್ನು ಹೀನಾಯವಾಗಿ ಆಡಿದಷ್ಟೂ ಮಾರನೆಯ ದಿನ ಅರ್ಜಿಗಳು ಹೆಚ್ಚು ಖರ್ಚಾಗುತ್ತಿದ್ದವು. ಒಂದು ಸಂಜೆ ಅವನು ಚರಂಡಿ, ಬೀದಿದೀಪಗಳ ಬಗ್ಗೆ ಮಾತ್ರ ಮಾತಾಡಿ ಇಳಿದುಬಿಟ್ಟ. ಕತ್ತರಿಯಕ್ಕನಿಗೆ ಸಪ್ಪೆ ಎನ್ನಿಸಿತು. 'ಇವತ್ತೇನೂ ಬೈಯಲಿಲ್ಲವಲ್ಲ' ಎಂದುಕೊಂಡಳು. ಹಾಗೆ ಅಂದುಕೊಂಡದ್ದು ತನಗೇ ಕೇಳಿಸಿ, ಕೈಯಲ್ಲಿದ್ದ ಪೊರಕೆ ಒಂದು ಗಳಿಗೆ ನಿಂತಿತು. ಆದರೂ ಮರುದಿನ ಮತ್ತೆ ಫೋನು ಒರಗಿಸಿಟ್ಟಳು.

ಬೀದಿಗೆ ಬೀದಿಯೇ ಪಟ್ಟಿ ಸೇರಿದರೂ ಸೇರದೆ ಉಳಿದವಳು ಪಕ್ಕದ ಅಂಗಡಿಯ ಹಾಸಿಗೆಯಮ್ಮ. ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ವಿಧವೆ. ಕತ್ತರಿಯಕ್ಕ ಕೈಯಲ್ಲಿ ಕಾಸಿಲ್ಲದೆ ಕಸುಬು ಶುರುಮಾಡಿದಾಗ ತನ್ನ ಅಂಗಡಿಯ ಅರ್ಧ ಜಾಗ ಬಿಟ್ಟುಕೊಟ್ಟವಳು, ಹೆರಿಗೆಯಲ್ಲಿ ತಾಯಿಯಂತೆ ತಲೆ ಹಿಡಿದು ಕೂತವಳು ಅವಳೇ. ಈಗಲೂ ಹನ್ನೊಂದರ ಚಹಾ ಇಬ್ಬರೂ ಒಟ್ಟಿಗೇ ಕುಡಿಯುತ್ತಿದ್ದರು.

"ನನ್ನ ಹೆಸರು ಯಾವ ಸರ್ಕಾರಿ ಕಾಗದದಲ್ಲೂ ಬೇಡಮ್ಮ" ಎನ್ನುತ್ತಿದ್ದಳು ಹಾಸಿಗೆಯಮ್ಮ, ಉದ್ದನೆಯ ಸೂಜಿಯನ್ನು ಹತ್ತಿಯೊಳಗೆ ಚುಚ್ಚುತ್ತಾ. "ಗಲಾಟೆ ಎದ್ರೆ ಕಾಗದದಲ್ಲಿ ಹೆಸರಿರೋರ ಮನೇನೇ ಮೊದಲು ಹುಡುಕ್ಕೊಂಡು ಬರೋದು. ನಮ್ಮಪ್ಪ ಅದನ್ನ ಕಣ್ಣಾರೆ ಕಂಡೋನು."

"ಈಗ ಆ ಕಾಲ ಅಲ್ಲ, ದೊಡ್ಡಮ್ಮ."

"ಹಂಗಾದ್ರೆ ನೀವೆಲ್ಲ ಯಾಕೆ ಹೆದರಿಕೊಂಡಿದ್ದೀರಿ?"

ಹೆಸರು ಸೇರಿಸಲು ಕೊನೆಯ ದಿನ ಬಂತು. ಇಡೀ ಬೀದಿಯನ್ನು ಒಪ್ಪಿಸಿದವಳಿಗೆ ಪಕ್ಕದ ಗೋಡೆಯವಳನ್ನು ಒಪ್ಪಿಸಲಾಗಲಿಲ್ಲ ಎಂಬುದು ಒಳಗೊಳಗೇ ಚುಚ್ಚುತ್ತಿತ್ತು. ಚಹಾದ ಲೋಟ ಹಿಡಿದುಕೊಂಡು ಹೋದವಳು ನಿಂತಲ್ಲೇ ಹೇಳಿಬಿಟ್ಟಳು:

"ನಿನ್ನೆ ಅವನು ಏನಂದ ಗೊತ್ತಾ? ಓಟಿನ ಪಟ್ಟೀಲಿ ಹೆಸರಿಲ್ಲದೋರ ಮನೆ, ಅಂಗಡಿ ಎಲ್ಲಾ ಕಿತ್ಕೊಂಡು ಪಾಲಿಕೆಗೆ ಸೇರಿಸ್ತೀನಿ ಅಂದ."

ಗಂಟಲು ಹಾಗೆ ಹೇಳಿರಲಿಲ್ಲ. ಹೇಳಬಾರದ್ದನ್ನು ಬೇಕಾದಷ್ಟು ಹೇಳಿದ್ದ, ಇದನ್ನು ಮಾತ್ರ ಹೇಳಿರಲಿಲ್ಲ. ಆದರೆ ಅವನ ಬಾಯಿಗೆ ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದರೆ, ಹೇಳಿದ ಕತ್ತರಿಯಕ್ಕನಿಗೇ ಅರೆಕ್ಷಣ ನಿಜವೆನ್ನಿಸಿತು.

ಹಾಸಿಗೆಯಮ್ಮನ ಸೂಜಿ ಅರ್ಧಕ್ಕೆ ನಿಂತಿತು. "ಅಂಗಡೀನೂ?" ಎಂದು ಕೇಳಿದಳು.

"ಅಂಗಡೀನೂ."

ಮುದುಕಿ ಕೈ ಒರೆಸಿಕೊಂಡು ಅರ್ಜಿ ಈಸಿಕೊಂಡಳು. ಸಹಿ ಮಾಡುವ ಮುಂಚೆ ಒಮ್ಮೆ ಅಂಗಡಿಯ ಗೋಡೆಗಳನ್ನು ಸುತ್ತ ನೋಡಿದಳು. ಕತ್ತರಿಯಕ್ಕ ಅದನ್ನು ನೋಡಿಯೂ ನೋಡದವಳಂತೆ ಚಹಾದ ಲೋಟಗಳನ್ನು ಎತ್ತಿಕೊಂಡಳು. ಓಟು ಬಿದ್ದ ಮೇಲೆ ನಿಜ ಹೇಳಿ, ಬೈಸಿಕೊಂಡು, ಇಬ್ಬರೂ ನಕ್ಕರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಆದರೆ ಕೆಲವೇ ದಿನಗಳಲ್ಲಿ ಆ ದಡದ ಬಟ್ಟೆ ವ್ಯಾಪಾರಿಯೊಬ್ಬ ಟೇಪು ಹಿಡಿದು ಹಾಸಿಗೆಯಮ್ಮನ ಅಂಗಡಿಯನ್ನು ಅಳೆಯುತ್ತಿದ್ದ. ಕತ್ತರಿಯಕ್ಕ ಗಿರಾಕಿಯ ತಲೆಯನ್ನು ನೊರೆಯಲ್ಲೇ ಬಿಟ್ಟು ಬಾಗಿಲಿಗೆ ಓಡಿದಳು.

"ಮಾರ್ತಿದ್ದೀನಿ ಕಣಮ್ಮ" ಎಂದಳು ಹಾಸಿಗೆಯಮ್ಮ. "ಅವನು ಗೆದ್ದ ಮೇಲೆ ಕಿತ್ಕೊಳ್ಳೋದು ಕಿತ್ಕೊಳ್ತಾನೆ, ಪಟ್ಟಿ ಗಿಟ್ಟಿ ಎಲ್ಲಾ ನೆಪ. ಈಗಲೇ ಕೊಟ್ಬಿಟ್ರೆ ಕೈಗೆ ನಾಲ್ಕು ಕಾಸಾದ್ರೂ ಹತ್ತುತ್ತೆ. ತಂಗಿ ಊರಿಗೆ ಹೋಗಿಬಿಡ್ತೀನಿ."

"ಅವನು ಗೆಲ್ಲಲ್ಲ ದೊಡ್ಡಮ್ಮ! ದುಡುಕಬೇಡ. ಅವನೇನು ಅಷ್ಟೊಂದು…"

"ಗೆಲ್ಲಲಿ ಬಿಡಲಿ, ಅಂದಿದ್ದು ಅಂದಿದ್ದೇ ಅಲ್ವಾ?" ನೊರೆಯ ತಲೆಯಲ್ಲೇ ಹಿಂದೆ ಬಂದು ನಿಂತಿದ್ದ ಗಿರಾಕಿ ಬಾಯಿ ಹಾಕಿದಳು. "ಮನೆ ಅಂಗಡಿ ಕಿತ್ಕೊಳ್ತೀನಿ ಅಂತ. ನಾನೇ ಕಿವಿಯಾರೆ ಕೇಳಿದ್ದೀನಿ."

ಕತ್ತರಿಯಕ್ಕ ತಿರುಗಿ ಅವಳ ಮುಖ ನೋಡಿದಳು. ಆ ಹೆಂಗಸು ಬೇಕೆಂದು ಸುಳ್ಳು ಹೇಳುತ್ತಿರಲಿಲ್ಲ. ಹಾಸಿಗೆಯಮ್ಮ ಯಾರಿಗೋ ಹೇಳಿ, ಅವರು ಇನ್ಯಾರಿಗೋ ಹೇಳಿ, ಮಾತು ಬೀದಿ ಸುತ್ತಿ ಬಂದಿತ್ತು. ಈಗ ಬಾಯಿ ಬಿಟ್ಟರೆ ಇಷ್ಟು ದಿನ ತಾನು ಕೊಟ್ಟ ಪ್ರತಿಯೊಂದು ಅರ್ಜಿಯ ಮೇಲೂ ಅನುಮಾನ ಹುಟ್ಟುತ್ತದೆ, ತಂಗಿಯ ಮುಖಕ್ಕೆ ಮಸಿ ಬಳಿದಂತಾಗುತ್ತದೆ. ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. "ಇನ್ನೊಂದು ಸಲ ಯೋಚನೆ ಮಾಡು" ಎಂದಷ್ಟೇ ಹೇಳಿ ಒಳಗೆ ಬಂದು ನೊರೆ ತೊಳೆದಳು. ನೀರು ಸುಡುತ್ತಿದೆ ಎಂದು ಗಿರಾಕಿ ಕೂಗಿಕೊಂಡಾಗಲೇ ಅವಳಿಗೆ ಎಚ್ಚರವಾದದ್ದು.

ಹಾಸಿಗೆಯಮ್ಮ ಹೊರಟ ದಿನ ಉಳಿದ ಹತ್ತಿಯಲ್ಲಿ ಒಂದು ದಿಂಬು ಹೊಲಿದು ಕತ್ತರಿಯಕ್ಕನಿಗೆ ಕೊಟ್ಟು ಹೋದಳು. ಅದರ ಮೇಲೆ ತಲೆಯಿಡಲು ಕತ್ತರಿಯಕ್ಕನಿಗೆ ಆಗಲಿಲ್ಲ. ಕಪಾಟಿನ ಮೇಲೆ ಎತ್ತಿಟ್ಟಳು.

ಮತದಾನದ ದಿನ ಶಾಲೆಯ ಗೇಟಿನಿಂದ ಕಾಲುವೆಯ ಸೇತುವೆಯವರೆಗೂ ಸಾಲು ನಿಂತಿತ್ತು. ಊರುಗೋಲು ಹಿಡಿದವರು, ಕಂಕುಳಲ್ಲಿ ಮಗುವಿದ್ದವರು, ಅಂಗಡಿಗೆ ಬೀಗ ಹಾಕಿ ಬಂದವರು. ಈ ದಡದಲ್ಲಿ ಇಷ್ಟು ಜನ ಇದ್ದಾರೆಂದು ಈ ದಡದವರಿಗೇ ಗೊತ್ತಿರಲಿಲ್ಲ. ತಂಗಿ ಸಾಲಿನುದ್ದಕ್ಕೂ ನೀರಿನ ಬಾಟಲಿ ಹಂಚುತ್ತಾ ಓಡಾಡುತ್ತಿದ್ದಳು. ಅವಳ ಕಾಲು ನೆಲದ ಮೇಲಿರಲಿಲ್ಲ.

ಅಷ್ಟರಲ್ಲಿ ಸೇತುವೆಯ ಬಳಿ ಬಸ್ಸು ನಿಂತು ಹಾಸಿಗೆಯಮ್ಮ ಇಳಿದಳು.

"ಅಷ್ಟು ದೂರದಿಂದ ಬಂದೆಯಾ?" ಎಂದಳು ಕತ್ತರಿಯಕ್ಕ.

"ಬರದೆ? ನನ್ನ ಅಂಗಡಿ ಹೋಯ್ತು. ಬೇರೆಯವರದ್ದು ಹೋಗಬಾರದಲ್ಲ."

ಸಾಲಿನವರು ಮುದುಕಿಗೆ ಜಾಗ ಬಿಟ್ಟರು. ಕತ್ತರಿಯಕ್ಕ ಅವಳ ಬೆನ್ನ ಹಿಂದೆಯೇ ನಿಂತಳು. ಬಿಸಿಲು ಏರಿತು, ಸಾಲು ಒಂದೊಂದೇ ಹೆಜ್ಜೆ ಸರಿಯಿತು. ಹಾಸಿಗೆಯಮ್ಮನ ಕತ್ತಿನ ಹಿಂದೆ ಕೂದಲು ಅಡ್ಡಾದಿಡ್ಡಿ ಬೆಳೆದಿತ್ತು. ಪ್ರತಿ ತಿಂಗಳೂ ಅದನ್ನು ಸವರಿ ಸರಿ ಮಾಡುತ್ತಿದ್ದವಳು ತಾನೇ. 'ಈಗ ಹೇಳಿಬಿಡು' ಎಂದು ಮನಸ್ಸು ಹೊಡೆದುಕೊಳ್ಳುತ್ತಿತ್ತು. ಹೇಳಿದರೆ ಮುದುಕಿ ಸಾಲು ಬಿಟ್ಟು ಹೋಗಬಹುದು. ಹಿಂದೆ ಮುಂದೆ ನಿಂತವರಿಗೆ ಕೇಳಿಸಬಹುದು. ಓಟು ಹಾಕಿ ಬರಲಿ, ಆಮೇಲೆ ಹೇಳೋಣ ಎಂದು ತುಟಿ ಕಚ್ಚಿ ನಿಂತಳು.

ಇಬ್ಬರೂ ಓಟು ಹಾಕಿ ಹೊರಬಂದು ಆಟದ ಬಯಲಿನ ಕಟ್ಟೆಯ ಮೇಲೆ ಕೂತರು. ಹಾಸಿಗೆಯಮ್ಮ ಚಪ್ಪಲಿ ಬಿಚ್ಚಿ ಪಾದ ನೀವಿಕೊಳ್ಳುತ್ತಿದ್ದಳು.

"ದೊಡ್ಡಮ್ಮ, ಅಂಗಡಿ ಕಿತ್ಕೊಳ್ತೀನಿ ಅಂತ ಅವನು ಹೇಳಿರಲಿಲ್ಲ."

"ಮತ್ತೆ? ಯಾರು ಹೇಳಿದ್ದು?"

"ನಾನೇ. ನೀನು ಸಹಿ ಹಾಕಲಿ ಅಂತ ನಾನೇ ಕಟ್ಟಿ ಹೇಳಿದೆ."

ಹಾಸಿಗೆಯಮ್ಮನ ಕೈ ಪಾದದ ಮೇಲೇ ನಿಂತಿತು. ಆಚೆ ಯಾರೋ ಮಕ್ಕಳು ಚೆಂಡಿಗಾಗಿ ಜಗಳ ಆಡುತ್ತಿದ್ದರು. ಅವಳು ಆ ಕಡೆಗೇ ನೋಡುತ್ತಾ ಕೇಳಿದಳು: "ಬೆಳಗ್ಗೆಯಿಂದ ನನ್ನ ಬೆನ್ನ ಹಿಂದೆ ನಿಂತಿದ್ದೆಯಲ್ಲ. ಆಗ ಯಾಕೆ ಹೇಳಲಿಲ್ಲ?"

"ಸಾಲಲ್ಲಿ ಜನ ಇದ್ರು" ಎಂದಳು ಕತ್ತರಿಯಕ್ಕ.

"ನನ್ನ ಓಟು ಬೀಳಲಿ ಅಂತ ಕಾದೆಯಾ?"

"ಹೂಂ."

"ಅವನು ನನ್ನನ್ನ ಹೆದರಿಸಿದ್ರೆ ನಂಗೇನೂ ಅನ್ನಿಸ್ತಿರಲಿಲ್ಲ ಕಣೆ. ಅವನು ನನಗೆ ಯಾರು? ನಿನ್ನ ಕೈಯಿಂದ ಚಹಾ ಈಸ್ಕೊಂಡು ಕುಡೀತಿದ್ದೆ ನಾನು."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡಳು. ಬಸ್ಸಿನವರೆಗೆ ಬರುತ್ತೇನೆಂದು ಕತ್ತರಿಯಕ್ಕ ಚೀಲಕ್ಕೆ ಕೈಹಾಕಿದರೆ, ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಒಬ್ಬಳೇ ಸೇತುವೆ ಕಡೆಗೆ ನಡೆದಳು.

ಗಂಟಲು ಸೋತ. ಈ ದಡದ ಓಟೇ ಅವನನ್ನು ನೆಲ ಕಚ್ಚಿಸಿತು ಎಂದು ಪತ್ರಿಕೆಗಳು ಬರೆದವು. ಬೀದಿಯವರು ಕತ್ತರಿಯಕ್ಕನನ್ನು ಅವಳದೇ ಕುರ್ಚಿಯಲ್ಲಿ ಕೂರಿಸಿ ಗಿರಗಿರನೆ ತಿರುಗಿಸಿ ಚಪ್ಪಾಳೆ ತಟ್ಟಿದರು. ಕನ್ನಡಿಯಲ್ಲಿ ತನ್ನ ಮುಖ ಬಂದು ಬಂದು ಹೋಗುವುದನ್ನು ನೋಡಲಾರದೆ ಅವಳು ಕಣ್ಣು ಮುಚ್ಚಿಕೊಂಡಳು. ಖುಷಿಗೆ ಕಣ್ಣು ತುಂಬಿ ಬಂದಿದೆ ಎಂದುಕೊಂಡರು ಜನ.

ತಂಗಿಗೆ ಎಲ್ಲವನ್ನೂ ಹೇಳಿದಳು. ತಂಗಿ, "ಅವನು ಹೇಳಿದ್ದೇನು ಅದಕ್ಕಿಂತ ಕಮ್ಮಿ ಇತ್ತಾ? ಬಿಟ್ಹಾಕು" ಎಂದಳು. ಬಾಗಿಲವರೆಗೆ ಹೋದವಳು ತಿರುಗಿ, "ಆದ್ರೆ ಯಾರ ಹತ್ರಾನೂ ಹೇಳಬೇಡ" ಎಂದು ಸೇರಿಸಿದಳು.

ಕತ್ತರಿಯಕ್ಕ ಹೇಳಿದಳು. ಕುರ್ಚಿಯಲ್ಲಿ ಕೂತ ಒಬ್ಬೊಬ್ಬರಿಗೂ ಹೇಳಿದಳು. ಯಾರೂ ನಂಬಲಿಲ್ಲ. "ನಿಂಗೆಲ್ಲೋ ಮರೆವು. ಅವನು ಹೇಳಿದ್ದನ್ನ ನಮ್ಮೆಜಮಾನ್ರು ಕೂಡ ಕೇಳಿದ್ದಾರೆ" ಎಂದರು. ಕೆಲವರು ನಕ್ಕು, "ಹೇಳಿದ್ರೆ ಹೇಳಿದೆ ಬಿಡು, ಗೆದ್ವಲ್ಲ" ಎಂದರು. ಯಾರಾದರೂ ಎದ್ದು ನಿಂತು ಉಗಿದಿದ್ದರೆ ಅವಳಿಗೆ ಹಗುರಾಗುತ್ತಿತ್ತೋ ಏನೋ. ಬಟ್ಟೆ ವ್ಯಾಪಾರಿಯ ಹತ್ತಿರ ಹೋಗಿ ಅಂಗಡಿ ವಾಪಸು ಕೊಡುತ್ತೀಯಾ ಎಂದು ಕೈ ಮುಗಿದಳು. ಅವನು ಒಳಗೆ ಸೂರಿನ ತನಕ ಒಟ್ಟಿದ್ದ ಬಟ್ಟೆಯ ಮೂಟೆಗಳನ್ನು ತೋರಿಸಿ, "ಇವನ್ನೆಲ್ಲ ನಿನ್ನ ತಲೆ ಮೇಲೆ ಇಡಲಾ?" ಎಂದ.

ಕೊನೆಗೆ ಬಸ್ಸು ಹತ್ತಿ ಹಾಸಿಗೆಯಮ್ಮನ ತಂಗಿಯ ಊರಿಗೂ ಹೋಗಿಬಂದಳು. ಹಾಸಿಗೆಯಮ್ಮ ಒಂದು ಕಾರ್ಖಾನೆಯಲ್ಲಿ ಸ್ಪಂಜಿನ ಹಾಸಿಗೆಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದ್ದಳು. ಬಾಗಿಲು ತೆಗೆದಳು, ಕೂರಿಸಿದಳು, ಬಸ್ಸು ಸಿಕ್ಕಿತಾ, ಮಕ್ಕಳು ಹೇಗಿದ್ದಾರೆ ಎಂದು ವಿಚಾರಿಸಿದಳು. ಕತ್ತರಿಯಕ್ಕ ಚೀಲದಿಂದ ಬಾಚಣಿಗೆ, ಕತ್ತರಿ ತೆಗೆದು, "ಹಿಂದುಗಡೆ ಸ್ವಲ್ಪ ಸವರಿಕೊಡಲಾ?" ಎಂದಾಗ ಮಾತ್ರ ಮುಖ ಬಿಗಿಯಿತು.

"ಬೇಡ. ಇಲ್ಲಿ ಒಬ್ಬಳು ಇದ್ದಾಳೆ, ಅವಳ ಹತ್ರ ಹೋಗ್ತೀನಿ."

ವರ್ಷ ಕಳೆದ ಮೇಲೆ ಈ ದಡದ ವಾರ್ಡಿಗೆ ಉಪಚುನಾವಣೆ ಬಂತು. ತಂಗಿ ಮತ್ತೆ ಅರ್ಜಿಗಳ ಕಟ್ಟು ತಂದಳು. ಈ ಸಲ ನಿಂತವರಿಬ್ಬರೂ ಮೆತ್ತನೆಯ ಮನುಷ್ಯರು. ಹೊಸದಾಗಿ ಹದಿನೆಂಟು ತುಂಬಿದ ಹುಡುಗಿಯೊಬ್ಬಳು ಕುರ್ಚಿಯಲ್ಲಿ ಕೂತಿದ್ದಳು.

"ಪಟ್ಟಿಗೆ ಹೆಸರು ಸೇರಿಸ್ತೀಯಾ?"

"ಯಾರು ನಿಂತಿದ್ದಾರೆ? ಆ ಗಂಟಲು ಥರದೋರು ಯಾರಾದ್ರೂ?"

ಕತ್ತರಿಯಕ್ಕನ ಕೈಯಲ್ಲಿ ಹುಡುಗಿಯ ಒದ್ದೆ ಕೂದಲಿತ್ತು. ಒಂದು ಮಾತು, ಒಂದೇ ಒಂದು ಮಾತು ಸಾಕಿತ್ತು. ಅದು ಸಲೀಸಾಗಿ ಬಾಯಿಗೆ ಬಂದು ಕೂತದ್ದನ್ನು ಕಂಡು ಅವಳಿಗೆ ತನ್ನ ಮೇಲೇ ಭಯವಾಯಿತು.

"ಇಲ್ಲ, ಹಾಗೇನಿಲ್ಲ. ಇಬ್ಬರೂ ಪರವಾಗಿಲ್ಲ. ಬೀದಿ ದೀಪದ ಬಗ್ಗೆ ಮಾತಾಡ್ತಾರೆ."

"ಹಂಗಾದ್ರೆ ಯಾಕೆ ತಲೆನೋವು ಬಿಡಿ ಅಕ್ಕ."

"ದೀಪ ನಮ್ಮ ಬೀದೀದೇ ಅಲ್ವಾ" ಎಂದಳು ಕತ್ತರಿಯಕ್ಕ.

"ನೋಡೋಣ" ಎಂದು ಹುಡುಗಿ ಕನ್ನಡಿಯಲ್ಲಿ ಅತ್ತಿತ್ತ ತಿರುಗಿ, ಕೂದಲು ಚೆನ್ನಾಗಿ ಬಂದಿದೆ ಎಂದು ಹೊಗಳಿ, ಅರ್ಜಿ ಮುಟ್ಟದೆ ಎದ್ದು ಹೋದಳು. ಕತ್ತರಿಯಕ್ಕ ಮುಂದಿನವಳನ್ನು ಕರೆದಳು.